ಗಿಟಾರ್ ಹಗುರವಾಯಿತು, ಕೈ ಯಾಕೆ ಜೋಮು ಹಿಡಿಯಿತು?

ಪ್ರಶ್ನೆ: ಸರ್, ನನಗೆ 42 ವರ್ಷ, ಎತ್ತರ ಐದಡಿ, ಊರು ಮೈಸೂರು. ಚಿಕ್ಕಂದಿನಲ್ಲಿ ಎಂಟು ವರ್ಷ ವೀಣೆ ಕಲಿತಿದ್ದೆ. ಈಗ ಆರು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್. ನಾಲ್ಕು ಜನ ಸೇರಿ ಜಾಝ್ ಫ್ಯೂಷನ್ (ಜಾಝ್‌ಗೆ ರಾಕ್ ಬೆರೆತ ಸಂಗೀತ) ನುಡಿಸುತ್ತೇವೆ, ತಿಂಗಳಿಗೆ ಒಂದೋ ಎರಡೋ ಕಾರ್ಯಕ್ರಮ ಇರುತ್ತದೆ. ನನ್ನದು ಲೆಸ್ ಪಾಲ್ ಮಾದರಿಯ ಗಿಟಾರ್, 4.4 ಕಿಲೋ. ಒಂದು ಗಂಟೆ ನಿಂತು ನುಡಿಸಿದರೆ ಎಡ ಹೆಗಲು ಸೆಟೆದುಕೊಳ್ಳುತ್ತದೆ. ಭಾರ ಕಡಿಮೆ ಮಾಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು. ಗೆಳೆಯರೊಬ್ಬರ ಎಸ್‌ಜಿ ಮಾದರಿಯ ಗಿಟಾರನ್ನು ಎರಡು ತಿಂಗಳ ಮಟ್ಟಿಗೆ ತಂದುಕೊಂಡೆ. ಅದು 3 ಕಿಲೋ ಅಷ್ಟೇ. ಹೆಗಲು ನೋವು ಹೋಯಿತು, ಆದರೆ ಎಡಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತಿವೆ. ಹಗುರ ಗಿಟಾರಿನಲ್ಲಿ ಹೀಗೇಕೆ? ಹೊಸದು ಕೊಳ್ಳೋಣ ಎಂದರೆ ಬ್ಯಾಂಡಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಭಾರ ಇಲ್ಲದಿದ್ದರೆ ಸಸ್ಟೇನ್ (ಸ್ವರ ಉದ್ದಕ್ಕೆ ನಿಲ್ಲುವುದು) ಇರಲ್ಲ, ಜಾಝ್‌ಗೆ ಹಾಲೋ ಬಾಡಿಯೇ (ಟೊಳ್ಳು ಹೊಟ್ಟೆಯದ್ದೇ) ಬೇಕು, ಹೆಡ್‌ಲೆಸ್ (ತುದಿಯಲ್ಲಿ ತಲೆ ಇಲ್ಲದ) ಗಿಟಾರ್ ಮೆಟಲ್ ಹುಡುಗರದ್ದು, ಹೀಗೆ. ನನ್ನ ಬಜೆಟ್ 80 ಸಾವಿರ, ತೀರಾ ಇಷ್ಟವಾದರೆ ಒಂದು ಲಕ್ಷ. ಮನೆಯಲ್ಲಿ ಕೂತು, ವೇದಿಕೆಯಲ್ಲಿ ನಿಂತು ನುಡಿಸುತ್ತೇನೆ.

ಉತ್ತರ: ನಿಮ್ಮ ಹಾಗೆ ಎರಡು ಗಿಟಾರ್ ಹೋಲಿಸಿ ಬರೆಯುವವರು ಕಡಿಮೆ. ಹೆಚ್ಚಿನವರು "ಯಾವುದು ಹಗುರ, ಹೇಳಿಬಿಡಿ" ಎಂದಷ್ಟೇ ಕೇಳುತ್ತಾರೆ. ನಾನು ಒಂದು ಹೆಸರು ಹೇಳುತ್ತೇನೆ, ಅವರು ತರಿಸಿಕೊಳ್ಳುತ್ತಾರೆ, ಮೂರು ತಿಂಗಳಿಗೆ ಇನ್ನೊಂದು ನೋವು ಹೊತ್ತು ನನ್ನ ಬೆಂಚಿಗೆ ಬರುತ್ತಾರೆ. ನೀವು ಆ ಎರಡನೇ ನೋವನ್ನು ದುಡ್ಡು ಸುರಿಯುವ ಮೊದಲೇ ಕಂಡುಕೊಂಡಿದ್ದೀರಿ. ಗೆಳೆಯರಿಗೆ ಒಂದು ಕಾಫಿ ಕೊಡಿಸಿ.

ಮೊದಲು ಕೈ ವಿಷಯ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ ಹೋಗುವ ನರ ಮಣಿಕಟ್ಟಿನ ಒಂದು ಕಿರಿದಾದ ಸಂದಿಯಲ್ಲಿ ಹಾದುಹೋಗುತ್ತದೆ. ಮಣಿಕಟ್ಟು ತುಂಬಾ ಹೊತ್ತು ಮಡಚಿಕೊಂಡೇ ಇದ್ದರೆ ಅಲ್ಲಿ ಒತ್ತಡ ಬೀಳುತ್ತದೆ. ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿದಿದ್ದರೆ ಬೇರೆ ನರ, ಮೊಣಕೈ ಕಡೆ ನೋಡಬೇಕಿತ್ತು. ನಾನು ಗಿಟಾರ್ ರಿಪೇರಿ ಮಾಡುವವನು, ಡಾಕ್ಟರ್ ಅಲ್ಲ. ರಾತ್ರಿ ನಿದ್ದೆಯಲ್ಲಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಗಿಟಾರ್ ಮುಟ್ಟದ ದಿನವೂ ಹಾಗೇ ಇದ್ದರೆ, ಲೋಟ ಹಿಡಿದಾಗ ಕೈ ಜಾರಿದಂತಾದರೆ ಈ ಉತ್ತರ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ನುಡಿಸುವಾಗ ಮಾತ್ರ ಬಂದು, ಬಿಟ್ಟ ಸ್ವಲ್ಪ ಹೊತ್ತಿಗೆ ಹೋಗುತ್ತಿದ್ದರೆ ಗಿಟಾರ್ ನಿಮ್ಮ ಮೈಮೇಲೆ ಕೂರುವ ರೀತಿಯನ್ನೂ ನೋಡಬೇಕು.

ಹೀಗೆ ಮಾಡಿ. ಆ ಎಸ್‌ಜಿ ಮಾದರಿಯನ್ನು ಸ್ಟ್ರಾಪ್ ಹಾಕಿ ಧರಿಸಿ, ನೇರ ನಿಂತುಕೊಂಡು ಎರಡೂ ಕೈ ಬಿಡಿ. ನೆಕ್ (ಎಡಗೈ ಓಡಾಡುವ ಉದ್ದನೆಯ ಭಾಗ) ಮೆಲ್ಲಗೆ ನೆಲದ ಕಡೆ ಇಳಿಯುತ್ತದೆ, ಅಲ್ವಾ? ಇಳಿದೇ ಇಳಿಯುತ್ತದೆ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಲ್ಲೆ. 1961ರಲ್ಲಿ ಈ ವಿನ್ಯಾಸ ಬಂದಾಗಿನಿಂದ ಇರುವ ಗುಣ ಇದು. ಬಾಡಿ ತೆಳು. ನೆಕ್ ಬಹುಪಾಲು ಬಾಡಿಯ ಆಚೆ ಚಾಚಿಕೊಂಡಿದೆ. ಮುಂದಿನ ಸ್ಟ್ರಾಪ್ ಬಟನ್ ಇರುವುದು ನೆಕ್ ಬಾಡಿಗೆ ಸೇರುವ ಜಾಗದಲ್ಲಿ, ಹಿಂದುಗಡೆ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯಲ್ಲಾದರೆ ಮೇಲಿನ ಕೊಂಬು ಸುಮಾರು 12ನೇ ಫ್ರೆಟ್‌ವರೆಗೆ (ಫ್ರೆಟ್ ಎಂದರೆ ನಿಮ್ಮ ವೀಣೆಯ ಮೆಟ್ಟಿಲು) ಚಾಚಿರುತ್ತದೆ, ಬಟನ್ ಅದರ ತುದಿಯಲ್ಲಿರುತ್ತದೆ. ಈ ವ್ಯತ್ಯಾಸವೇ ಎಲ್ಲ. ಏತದ ಕೋಲನ್ನು ನೆನೆಸಿಕೊಳ್ಳಿ. ಕೋಲು ಎಷ್ಟು ಹಗುರ ಎನ್ನುವುದಕ್ಕಿಂತ ಕವಲು ಎಲ್ಲಿದೆ ಎನ್ನುವುದು ಮುಖ್ಯ. ಕವಲು ಒಂದು ಕಡೆ ಸರಿದರೆ ಇನ್ನೊಂದು ತುದಿ ಕೆಳಗೆ ಬೀಳುತ್ತದೆ.

ಹೋದ ಮಳೆಗಾಲದಲ್ಲಿ ಅಂಥದ್ದೇ ಒಂದು ಗಿಟಾರ್ ರಿಪೇರಿಗೆ ಬಂದಿತ್ತು. ಸುಮ್ನೆ ಕುತೂಹಲಕ್ಕೆ ಅದನ್ನು ಹೆಗಲಿಗೆ ಹಾಕಿಕೊಂಡೆ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಹೆಡ್‌ಸ್ಟಾಕ್‌ಗೆ (ನೆಕ್ಕಿನ ತುದಿಯ ತಲೆಗೆ) ಸಿಕ್ಕಿಸಿ ಮೇಲಕ್ಕೆತ್ತಿ ಹಿಡಿಯಲು ಹುಡುಗನಿಗೆ ಹೇಳಿದೆ. ನೆಕ್ ನಾನು ನುಡಿಸುವ ಮಟ್ಟದಲ್ಲಿ ನಿಂತಾಗ ತಕ್ಕಡಿ 250 ಗ್ರಾಂ ತೋರಿಸಿತು. ಏನು ಮಹಾ ಅನ್ನಿಸಬಹುದು. ಕಾಲು ಕಿಲೋ ಸಕ್ಕರೆ ಪೊಟ್ಟಣವನ್ನು ತೋಳು ಚಾಚಿ ಒಂದು ಗಂಟೆ ಹಿಡಿದುಕೊಂಡು, ಅದೇ ಕೈಯ ಬೆರಳುಗಳಿಂದ ನಿಮಿಷಕ್ಕೆ ಹತ್ತಾರು ಕಾರ್ಡ್ ಬದಲಿಸಿ ನೋಡಿ. ನಿಮ್ಮ ಎಡಗೈ ಈಗ ಮಾಡುತ್ತಿರುವುದು ಅದನ್ನೇ. ಅದು ನುಡಿಸುವುದರ ಜೊತೆಗೆ ನೆಕ್ಕನ್ನೂ ಹೊರುತ್ತಿದೆ. ಹೊರಬೇಕೆಂದರೆ ಅಂಗೈ ನೆಕ್ಕಿನ ಕೆಳಗೆ ಬರಬೇಕು, ಮಣಿಕಟ್ಟು ಮಡಚಲೇಬೇಕು. ಜೊತೆಗೆ ಇದರಲ್ಲಿ ಮೊದಲ ಫ್ರೆಟ್ ಮೈಯಿಂದ ಇನ್ನಷ್ಟು ಎಡಕ್ಕೆ ಹೋಗಿ ಕೂರುತ್ತದೆ. ಐದಡಿ ಎತ್ತರದವರಿಗೆ ಅಲ್ಲಿ ಕೈ ಮುಟ್ಟಿಸುವುದೇ ಒಂದು ಕಸರತ್ತು.

ಲೆಸ್ ಪಾಲ್ ಮಾದರಿಯ ತೊಂದರೆ ತದ್ವಿರುದ್ಧ. ದಪ್ಪ ಮಹಾಗನಿ, ಅದರ ಮೇಲೆ ಮೇಪಲ್ ಹಲಗೆ. ಭಾರವೆಲ್ಲ ಬಾಡಿಯಲ್ಲಿರುವುದರಿಂದ ನೆಕ್ ಬೀಳುವುದಿಲ್ಲ, ಎಡಗೈ ಆರಾಮ. ಆದರೆ ಅಷ್ಟೂ ಒಂದೇ ಹೆಗಲಿನ ಮೇಲೆ ಕೂರುತ್ತದೆ. ಅಂದರೆ ಒಂದು ನಿಮ್ಮ ಹೆಗಲನ್ನು ತಿಂದಿತು, ಇನ್ನೊಂದು ಮಣಿಕಟ್ಟನ್ನು. ನೀವು ಹುಡುಕಬೇಕಾದದ್ದು ತೂಕವೂ ಕಡಿಮೆ ಇದ್ದು, ಕೈ ಬಿಟ್ಟರೂ ನಿಂತಲ್ಲೇ ನಿಲ್ಲುವ ಗಿಟಾರ್. ಅಂಗಡಿಯ ಪಟ್ಟಿಯಲ್ಲಿ ಮೊದಲನೆಯದಕ್ಕೆ ಒಂದು ಅಂಕಿ ಸಿಗುತ್ತದೆ. ಎರಡನೆಯದಕ್ಕೆ ಯಾವ ಅಂಕಿಯೂ ಇಲ್ಲ, ಧರಿಸಿಯೇ ನೋಡಬೇಕು.

ವೀಣೆ ಕಲಿತವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ವೀಣೆ ಎಷ್ಟು ಭಾರ! ಆದರೂ ನಿಮ್ಮ ಹೆಗಲು ನೋಯಲಿಲ್ಲ. ಕೊಡ ನೆಲದ ಮೇಲೆ, ಸೋರೆ ಬುರುಡೆ ಎಡತೊಡೆಯ ಮೇಲೆ. ಎಡಗೈಗೆ ಮೆಟ್ಟಿಲ ಮೇಲೆ ಓಡಾಡುವುದೊಂದೇ ಕೆಲಸ.

ಈಗ ನಿಮ್ಮ ಬ್ಯಾಂಡಿನವರ ಮಾತಿಗೆ ಬರುತ್ತೇನೆ.

ಭಾರ ಇದ್ದರೇ ಸಸ್ಟೇನ್ ಎನ್ನುವುದು ಹಳೇ ಕಥೆ. ತಂತಿಯ ಶಕ್ತಿ ಸೋರಿಹೋಗುವುದು ಅದರ ಎರಡು ತುದಿಗಳಲ್ಲಿ, ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಆನುವ ಜಾಗ) ಕಡೆ ಮತ್ತು ನೆಕ್ ಕಡೆ. ಅದರಲ್ಲೂ ನೆಕ್ ಕಡೆಯೇ ಜಾಸ್ತಿ, ಏಕೆಂದರೆ ಅದು ತೆಳು, ಉದ್ದ, ಅಲುಗಾಡುತ್ತದೆ. ಕೆಲವು ಗಿಟಾರ್‌ಗಳಲ್ಲಿ ಮೂರನೇ ತಂತಿಯ ಯಾವುದೋ ಒಂದು ಫ್ರೆಟ್‌ನಲ್ಲಿ ಸ್ವರ ಥಟ್ಟನೆ ಸಾಯುತ್ತದಲ್ಲ, ಆ ಸ್ವರಕ್ಕೆ ನೆಕ್ ತಾನೂ ಕಂಪಿಸಿ ಶಕ್ತಿ ಹೀರಿಕೊಳ್ಳುವುದರಿಂದ ಹಾಗಾಗುತ್ತದೆ. ಹೆಡ್‌ಸ್ಟಾಕ್‌ಗೆ ಬಡಗಿಯ ಸಣ್ಣ ಕ್ಲ್ಯಾಂಪ್ ಕಚ್ಚಿಸಿ ನೋಡಿ, ಆ ಸತ್ತ ಜಾಗ ಪಕ್ಕದ ಫ್ರೆಟ್‌ಗೆ ಸರಿದುಬಿಡುತ್ತದೆ. ಬಾಡಿ ಒಂದು ಕಿಲೋ ಹೆಚ್ಚಿದ್ದರೂ ಇದು ತಪ್ಪುವುದಿಲ್ಲ. ಇನ್ನು ಫ್ಯೂಷನ್‌ನಲ್ಲಿ ನಾವು ಕೇಳುವ ಆ ಉದ್ದನೆಯ, ಪಿಟೀಲಿನಂಥ ಸ್ವರದಲ್ಲಿ ಡ್ರೈವ್ (ಸದ್ದನ್ನು ಬೇಕೆಂದೇ ಒರಟಾಗಿಸುವುದು), ಕಂಪ್ರೆಸರ್ (ಸದ್ದಿನ ಏರಿಳಿತ ಸಮಮಾಡುವ ಸಾಧನ), ಆ್ಯಂಪಿನ ಪಾತ್ರ ಮರಕ್ಕಿಂತ ಎಷ್ಟೋ ದೊಡ್ಡದು. ಫ್ಯೂಷನ್ ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ 1980ರ ದಶಕದಲ್ಲಿ ಸ್ಟೈನ್‌ಬರ್ಗರ್‌ನ ಪುಟ್ಟ ಬಾಡಿಯ ಹೆಡ್‌ಲೆಸ್ ಗಿಟಾರ್ ಹಿಡಿದು ನುಡಿಸಿದ್ದನ್ನು ಕೇಳಿದವರು ಸಸ್ಟೇನ್ ಬಗ್ಗೆ ತಕರಾರು ತೆಗೆಯಲಾರರು. ಹೆಡ್‌ಲೆಸ್ ಮೆಟಲ್ ಹುಡುಗರದ್ದು ಎನ್ನುವವರಿಗೂ ಅದೇ ಉತ್ತರ. ಮೆಟಲ್ ಹುಡುಗರು ಬರುವ ಮೊದಲೇ ಫ್ಯೂಷನ್‌ನವರು ಆ ಮನೆಗೆ ಬಾಡಿಗೆಗೆ ಬಂದಿದ್ದರು.

ಹಾಲೋ ಬಾಡಿ ಮಾತಿನಲ್ಲಿ ಅರ್ಧ ಸತ್ಯ ಇದೆ. ಬೆಚ್ಚನೆಯ ಜಾಝ್ ಟೋನ್ ಬೆಳೆದದ್ದೇ ಅದರಲ್ಲಿ. ಆದರೆ ಫ್ಯೂಷನ್ ಎಂದರೆ ಜೋರಾದ ಡ್ರಮ್ಸ್, ಮೇಲೆ ಡ್ರೈವ್. ಆಗ ಪೂರ್ತಿ ಹಾಲೋ ಗಿಟಾರ್ ಆ್ಯಂಪಿನ ಸದ್ದಿಗೆ ತಾನೂ ಕಂಪಿಸಿ ಕೂಗಲು ಶುರುಮಾಡುತ್ತದೆ. ಅದಕ್ಕೇ ಅನೇಕರು ಸೆಮಿ-ಹಾಲೋಗೆ (ಅರೆ ಟೊಳ್ಳಿನದಕ್ಕೆ) ಹೋದರು. ಗಿಟಾರ್ ವಾದಕ ಲ್ಯಾರಿ ಕಾರ್ಲ್‌ಟನ್ ಹೆಸರಿನ ಜೊತೆ ಅಂಟಿಕೊಂಡಿರುವ ಗಿಬ್ಸನ್ ಇಎಸ್-335 ಬಂದದ್ದು 1958ರಲ್ಲಿ. ಅದರ ಹೊಟ್ಟೆಯ ನಡುವೆ ಗಟ್ಟಿ ಮರದ ದಿಮ್ಮಿ ಇದೆ. ಹೀಗಾಗಿ ನೋಡಲು ಟೊಳ್ಳು, ತೂಗಿದರೆ ಮೂರೂವರೆ ಕಿಲೋ ದಾಟುತ್ತದೆ. ನಿಮ್ಮ ಮಟ್ಟಿಗೆ ದೊಡ್ಡ ತೊಡಕು ಅದರ ಅಗಲ, 16 ಇಂಚು. ಬಲಗೈ ಅದರ ಮೇಲಿಂದ ಹಾದುಬರಲು ಬಲ ಹೆಗಲು ಎತ್ತಬೇಕು. ಎಡ ಹೆಗಲು ಸರಿಮಾಡಲು ಹೋಗಿ ಬಲ ಹೆಗಲನ್ನು ಕೆಡಿಸಿಕೊಳ್ಳುವುದು ಬೇಡ. ಆ ಜಾತಿಯೇ ಬೇಕೆಂದರೆ 339ರಂಥ ಚಿಕ್ಕ ಬಾಡಿಯದ್ದನ್ನು ನೋಡಿ.

ಇನ್ನೊಂದು ತಪ್ಪು ಕಲ್ಪನೆಯನ್ನು ನೀವು ಬರೆದಿಲ್ಲ, ಆದರೆ ಅಂಗಡಿಯಲ್ಲಿ ಖಂಡಿತ ಕೇಳುತ್ತೀರಿ. "ಮೇಡಂ, ನಿಮ್ಮ ಕೈ ಚಿಕ್ಕದು, ತೆಳು ನೆಕ್ ತಗೊಳ್ಳಿ." ತೀರಾ ತೆಳು ನೆಕ್, ಅಂದರೆ ಮೊದಲ ಫ್ರೆಟ್‌ನಲ್ಲಿ 17ರಿಂದ 19 ಮಿಲಿಮೀಟರ್ ದಪ್ಪದ್ದು, ವೇಗಕ್ಕೆ ಚೆನ್ನ. ಆದರೆ ಹೆಬ್ಬೆರಳ ಬುಡಕ್ಕೆ ಆನಿಕೊಳ್ಳಲು ಏನೂ ಸಿಗದೆ ಕೈ ಚಿಮಟದಂತೆ ಹಿಂಡಲು ತೊಡಗುತ್ತದೆ. ಹೆಬ್ಬೆರಳು ಈಗಾಗಲೇ ಜೋಮು ಹಿಡಿಯುತ್ತಿರುವವರಿಗೆ 20ರಿಂದ 21 ಮಿಲಿಮೀಟರಿನ, ದುಂಡಗಿನ ನೆಕ್ ವಾಸಿ.

ಇಷ್ಟಾದ ಮೇಲೆ ದಾರಿಗಳು. ನನ್ನನ್ನು ಕೇಳಿದರೆ ಮೊದಲ ಎರಡು ವಾರ ಏನೂ ಕೊಳ್ಳಬೇಡಿ. ನಿಮ್ಮ 4.4 ಕಿಲೋ ಗಿಟಾರಿಗೆ ಮೂರು ಇಂಚಿಗಿಂತ ಅಗಲದ, ಒಳಮೈ ಒರಟಾದ ಚರ್ಮದ ಸ್ಟ್ರಾಪ್ ಹಾಕಿ. ನೈಲಾನ್ ಸ್ಟ್ರಾಪ್ ಜಾರುತ್ತದೆ, ಹೆಗಲಿನಲ್ಲಿ ಗೀರಿನಂತೆ ಕೂರುತ್ತದೆ. ಎತ್ತರ ಹೇಗಿರಬೇಕೆಂದರೆ, ಕೂತಾಗ ಗಿಟಾರ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ. ಸೊಂಟದ ಕೆಳಗೆ ಇಳಿಬಿಡುವ ಸ್ಟೈಲ್ ಫೋಟೋಗೆ ಚೆಂದ, ಮಣಿಕಟ್ಟಿಗೆ ಶಾಪ.

ಜೊತೆಗೆ ಸೆಟಪ್, ಅಂದರೆ ಗಿಟಾರಿನ ಅಳತೆಗಳನ್ನು ಸರಿಹೊಂದಿಸುವುದು. ಇದರಲ್ಲಿ ಅರ್ಧ ನೋವು ಹೋದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ದಪ್ಪ ತಂತಿ ಕಡೆ 1.8, ಸಣ್ಣ ತಂತಿ ಕಡೆ 1.5 ಮಿಲಿಮೀಟರ್ ಆಸುಪಾಸು ಇರಲಿ. ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಗೀರುಗಳ ಆಳ ಸರಿ ಇದೆಯೇ ಎಂದು ಕೇಳಿ ನೋಡಿಸಿ. ಮೊದಲ ಮೂರು ಫ್ರೆಟ್‌ಗಳಲ್ಲಿ ಕೈ ಸೋಲುವುದಕ್ಕೆ ಹೆಚ್ಚಾಗಿ ನಟ್ಟೇ ಕಾರಣ, ಅದನ್ನು ಯಾರೂ ನೋಡುವುದೇ ಇಲ್ಲ. 11ರ ತಂತಿ ಹಾಕಿದ್ದರೆ ಅದಕ್ಕಿಂತ ಸಣ್ಣ 10ಕ್ಕೆ ಇಳಿಯಿರಿ. ಜಾಝ್ ಎಂದರೆ ದಪ್ಪ ತಂತಿ ಎನ್ನುವ ಹಠ ನಿಮ್ಮ ವಯಸ್ಸಿಗೂ ಬೇಡ, ನನ್ನ ವಯಸ್ಸಿಗೂ ಬೇಡ.

ಎಸ್‌ಜಿ ಮಾದರಿಯಲ್ಲಿ ಸ್ಟ್ರಾಪ್ ಬಟನ್ ಅನ್ನು ಮೇಲಿನ ಕೊಂಬಿಗೆ ಸಾಗಿಸುವುದು ಹಳೇ ಉಪಾಯ. ಬೀಳುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಕೊಂಬು ತೆಳು, ಅಳತೆ ತಪ್ಪಿದ ಡ್ರಿಲ್ ಹಾಕಿದರೆ ಸೀಳು ಬರುತ್ತದೆ. ಹಗುರ ಟ್ಯೂನರ್ (ತಂತಿ ಬಿಗಿಸುವ ತಿರುಪು) ಹಾಕುವುದೂ ಲಾಭವೇ. ಹೆಡ್‌ಸ್ಟಾಕ್‌ನಲ್ಲಿ 60 ಗ್ರಾಂ ಕಡಿಮೆ ಮಾಡಿದರೆ ಬಾಲದ ಕಡೆ 150 ಗ್ರಾಂ ಸೇರಿಸಿದಷ್ಟು ಫಲ, ಮತ್ತೆ ಅದೇ ಏತದ ಲೆಕ್ಕ. ಆದರೆ ಒಂದು ಗಿಟಾರಿಗೆ ಇಷ್ಟೆಲ್ಲ ಮಾಡುವುದು ಅದು ನಿಮ್ಮದಾಗಿದ್ದರೆ ಮಾತ್ರ.

ಹೊಸದೇ ಬೇಕೆಂದರೆ ನಿಮ್ಮ ಬಜೆಟ್ಟಿಗೆ ಎರಡು ದಾರಿ ಕಾಣುತ್ತದೆ.

ಒಂದು, ಸ್ಟ್ರಾಟ್ ಮಾದರಿ. 1954ರಿಂದ ಇರುವ ಆಕಾರ. ಹೊಟ್ಟೆಗೆ, ಮುಂಗೈಗೆ ಒತ್ತದ ಹಾಗೆ ಅಂಚು ಸವೆಸಿದ್ದಾರೆ, ನೆಕ್ ಬೀಳುವುದಿಲ್ಲ, ಯಾವ ಊರಿನಲ್ಲೂ ರಿಪೇರಿ ಆಗುತ್ತದೆ. ಯಮಾಹಾ ಪೆಸಿಫಿಕಾ, ಐಬನೇಝ್ ಎಝಡ್ ಸಾಲಿನವು ಈ ಜಾತಿ. ಬ್ರಿಡ್ಜ್ ಕಡೆ ಹಂಬಕರ್ (ತಂತಿಯ ಕಂಪನ ಹಿಡಿಯುವ ಜೋಡಿ ಸುರುಳಿಯ ಪಿಕಪ್) ಇರುವುದನ್ನೇ ನೋಡಿ, ಡ್ರೈವ್‌ಗೆ ಬೇಕಾಗುತ್ತದೆ. ಸಿಂಗಲ್ ಕಾಯಿಲ್ ಪಿಕಪ್‌ಗಳು ಡ್ರೈವ್ ಏರಿಸಿದಾಗ ಗುಂಯ್ ಎನ್ನುತ್ತವೆ, ವೈರಿಂಗ್ ಕೆಟ್ಟಿರುವ ಸಭಾಂಗಣದಲ್ಲಂತೂ ಕೇಳುವುದೇ ಬೇಡ.

ಇದರಲ್ಲೇ ಐಬನೇಝ್‌ನ ಎಝಡ್‌ಇಎಸ್ ಎಂಬ ಅಗ್ಗದ ಸಾಲನ್ನು ಒಮ್ಮೆ ಧರಿಸಿ ನೋಡಿ. ಬಾಡಿ ಸ್ವಲ್ಪ ಚಿಕ್ಕದು. ಸ್ಕೇಲ್ ಉದ್ದ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) ಸಾಮಾನ್ಯ 25.5 ಇಂಚಿನ ಬದಲು 25 ಇಂಚು. ಅರ್ಧ ಇಂಚಿನಲ್ಲಿ ಏನಿದೆ ಎನ್ನಬೇಡಿ. ಅದೇ ತಂತಿ, ಅದೇ ಶ್ರುತಿ ಇದ್ದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಸುಮಾರು 4 ಪರ್ಸೆಂಟ್ ಕಡಿಮೆ. 24.75 ಇಂಚಿನ ಲೆಸ್ ಪಾಲ್‌ನಲ್ಲಿ ಸುಮಾರು 6 ಪರ್ಸೆಂಟ್ ಕಡಿಮೆ. ವೀಣೆಯ ಅಭ್ಯಾಸದಿಂದ ನೀವು ತಂತಿ ಎಳೆದು ಗಮಕ ತರುವವರು, ಈ ವ್ಯತ್ಯಾಸ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. (ಫ್ಯೂಷನ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕೂಡ ವೀಣೆ ಕಲಿತವರೇ. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ 5 ಕಿಲೋ ದಾಟುವ ಜೋಡಿ ನೆಕ್‌ನ ಗಿಟಾರ್ ಹೊತ್ತರು, ಆಮೇಲೆ ಶಕ್ತಿ ತಂಡದಲ್ಲಿ ಫ್ರೆಟ್‌ಗಳ ನಡುವೆ ಮರ ಕೆತ್ತಿಸಿಕೊಂಡು ನೆಲದ ಮೇಲೆ ಕೂತು ನುಡಿಸಿದರು.)

ಒಂದು ಎಚ್ಚರಿಕೆ. ಒಂದೇ ಮಾಡೆಲ್‌ನ ಎರಡು ಗಿಟಾರ್‌ಗಳ ತೂಕ ಒಂದೇ ಇರುವುದಿಲ್ಲ. ಮರ ತಾನೇ. ಸ್ಟ್ರಾಟ್ ಮಾದರಿಗಳಲ್ಲಿ 3.1 ಕಿಲೋದ್ದೂ 3.8 ಕಿಲೋದ್ದೂ ನನ್ನ ಬೆಂಚಿಗೆ ಬಂದಿವೆ. ಆನ್‌ಲೈನ್ ಆದರೆ ನಿಮಗೆ ಕಳಿಸುವ ಅದೇ ಗಿಟಾರನ್ನು ತೂಗಿ ಫೋಟೋ ಕಳಿಸಿ ಎಂದು ಕೇಳಿ. 3.3 ದಾಟಿದರೆ ಬೇಡ ಎನ್ನಿ. ಇನ್ನು ತೀರಾ ಹಗುರ ಮರದ ಬಾಡಿ, ಒಳಗೆ ಕೊರೆದು ಹಗುರ ಮಾಡಿದ ಬಾಡಿ ಎಂದು ಜಾಹೀರಾತು ಬಂದರೆ ಖುಷಿಪಡುವ ಮೊದಲು ಕೈ ಬಿಟ್ಟು ನೋಡಿ. ಬಾಡಿ ಹಗುರಾಗಿ ನೆಕ್, ಟ್ಯೂನರ್ ಮಾಮೂಲಿನವೇ ಆಗಿದ್ದರೆ ಎಸ್‌ಜಿ ಕಥೆಯೇ ಮತ್ತೆ.

ಎರಡನೇ ದಾರಿ ಹೆಡ್‌ಲೆಸ್. ತಲೆಯನ್ನೇ ತೆಗೆದರೆ ಬೀಳಲು ಭಾರವೇ ಇಲ್ಲ. ಟ್ಯೂನರ್‌ಗಳು ಬಾಲದ ಕಡೆ ಹೋಗುವುದರಿಂದ ತೂಕ ಸರಿಯಾದ ಕಡೆ ಸೇರುತ್ತದೆ. ಸ್ವೀಡನ್ನಿನ ಸ್ಟ್ರಾಂಡ್‌ಬರ್ಗ್ ಗಿಟಾರ್‌ಗಳು ಎರಡೂಕಾಲು ಕಿಲೋ ಆಸುಪಾಸು ಇರುತ್ತವೆ, ಕೂತು ನುಡಿಸಲು ಎಡತೊಡೆಗೆ ಹೊಂದುವ ಕೊರೆತವೂ ಇದೆ. ಆದರೆ ಹೊಸದು ನಿಮ್ಮ ಬಜೆಟ್ಟಿಗೆ ಮೀರಿದ್ದು. ಐಬನೇಝ್ 2021ರಲ್ಲಿ ತಂದ ಕ್ಯೂ ಸಾಲು ಹತ್ತಿರ ಬರುತ್ತದೆ. ಅದರಲ್ಲಿ ಕ್ಯೂಎಕ್ಸ್ ಎನ್ನುವುದರ ಫ್ರೆಟ್‌ಗಳೇ 8 ಡಿಗ್ರಿ ಓರೆ, ಮಣಿಕಟ್ಟು ತಿರುಚುವುದನ್ನು ಕಡಿಮೆ ಮಾಡಲೆಂದು. ಕೆಲವರಿಗೆ ಹತ್ತು ನಿಮಿಷದಲ್ಲಿ ಒಗ್ಗುತ್ತದೆ, ಕೆಲವರಿಗೆ ಎಂದೂ ಒಗ್ಗದು.

ಹೆಡ್‌ಲೆಸ್‌ನ ಕಿರಿಕಿರಿಗಳನ್ನೂ ಹೇಳಿಬಿಡುತ್ತೇನೆ. ಗೋಡೆಯ ಮಾಮೂಲಿ ಕೊಕ್ಕೆಗೆ ನೇತುಹಾಕಲಾಗುವುದಿಲ್ಲ. ಶ್ರುತಿ ನೋಡಲು ಕಚ್ಚಿಸುವ ಟ್ಯೂನರ್‌ಗೆ ಜಾಗ ಇಲ್ಲ, ಪೆಡಲ್ ಟ್ಯೂನರ್ ಬೇಕು. ಬ್ರಿಡ್ಜ್ ಕೆಟ್ಟರೆ ಪಕ್ಕದ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಹಳೇ ಸ್ಟೈನ್‌ಬರ್ಗರ್ ಮಾದರಿಗಳಿಗೆ ಎರಡೂ ತುದಿಯಲ್ಲಿ ಗುಂಡಿರುವ ತಂತಿಯೇ ಬೇಕು, ಅದನ್ನು ಮೈಸೂರಿನಲ್ಲಿ ಹುಡುಕಿ ಸುಸ್ತಾಗುತ್ತೀರಿ. ಹೊಸ ಮಾದರಿಗಳಲ್ಲಿ ಸಾಮಾನ್ಯ ತಂತಿ ನಡೆಯುತ್ತದೆ. ಕೊಳ್ಳುವ ಮೊದಲು ಇದೊಂದನ್ನು ಕೇಳಿಯೇ ಕೇಳಿ. ಇನ್ನು ಬಾಡಿ ಪುಟ್ಟದಾದ್ದರಿಂದ ಬಲತೊಡೆಯ ಮೇಲಿಟ್ಟರೆ ಜಾರುತ್ತದೆ. ಎಡತೊಡೆಯ ಮೇಲೆ, ಕಾಲಕೆಳಗೆ ಒಂದು ಮಣೆ ಇಟ್ಟುಕೊಂಡು ಕೂರುವುದು ವಾಸಿ. ನಿಮಗೆ ಮಣೆ ಹೊಸದಲ್ಲ.

ಫ್ರೆಟ್ ಸಂಖ್ಯೆಯ ವಿಷಯ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಫ್ಯೂಷನ್ ಎಂದ ಕೂಡಲೇ ಅಂಗಡಿಯವರು 24 ಫ್ರೆಟ್ ಮುಂದಿಡುತ್ತಾರೆ. 24 ಫ್ರೆಟ್ ಆದಾಗ ನೆಕ್ ಪಿಕಪ್ ಬ್ರಿಡ್ಜ್ ಕಡೆ ಸರಿಯಬೇಕಾಗುತ್ತದೆ, ಆ ಬೆಚ್ಚನೆಯ ದುಂಡು ಸ್ವರ ಸ್ವಲ್ಪ ತೆಳುವಾಗುತ್ತದೆ. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ಎಷ್ಟೋ ಸಲ ನೆಕ್ ಕೂಡ ಎಡಕ್ಕೆ ಇನ್ನಷ್ಟು ಚಾಚಿಕೊಳ್ಳುತ್ತದೆ. 22 ಫ್ರೆಟ್ ಸಾಕು ಎನ್ನುವವನು ನಾನು. ನೆಕ್ ಪಿಕಪ್ ಹಾಕಿ, ಟೋನ್ ಗುಂಡಿಯನ್ನು 4ಕ್ಕೋ 5ಕ್ಕೋ ಇಳಿಸಿದರೆ ಹಾಲೋ ಬಾಡಿ ಬೇಕೆನ್ನುವ ನಿಮ್ಮ ಗೆಳೆಯರೂ ಸುಮ್ಮನಾಗುತ್ತಾರೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಪಾರ್ಕರ್ ಫ್ಲೈ ಎಂಬ ಹೆಸರು ಎಲ್ಲಾದರೂ ಕಂಡರೆ ಆಸೆಯಾಗಬಹುದು. 1993ರಲ್ಲೇ ಮರಕ್ಕೆ ಕಾರ್ಬನ್ ಫೈಬರ್ ಹೊದಿಸಿ ಎರಡು ಚಿಲ್ಲರೆ ಕಿಲೋಗೆ ಇಳಿಸಿದ ಅದ್ಭುತ ವಾದ್ಯ. ಆದರೆ ತಯಾರಿಕೆ ನಿಂತುಹೋಗಿದೆ, ಭಾಗಗಳು ಸಿಗುವುದಿಲ್ಲ. ಶೋಕೇಸಿನಲ್ಲಿಡಲು ಸರಿ, ತಿಂಗಳಿಗೆರಡು ಕಾರ್ಯಕ್ರಮಕ್ಕೆ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಒಂದು ಭಾನುವಾರ ನಿಮ್ಮದೇ ಸ್ಟ್ರಾಪ್ ಹಿಡಿದುಕೊಂಡು ಬೆಂಗಳೂರಿಗೆ ಬರುತ್ತೇನೆ. ಕ್ಯೂ ಸಾಲಿನದು ಯಾವುದಿದೆಯೋ ಅದನ್ನೂ, 3.3 ಕಿಲೋ ಒಳಗಿನ ಒಂದು ಸ್ಟ್ರಾಟ್ ಮಾದರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ತಲಾ ಇಪ್ಪತ್ತು ನಿಮಿಷ ನಿಂತು, ಇಪ್ಪತ್ತು ನಿಮಿಷ ಕೂತು ನುಡಿಸುತ್ತೇನೆ. ಆ್ಯಂಪ್ ಹಾಕದೆ. ಆ್ಯಂಪ್ ಹಾಕಿದರೆ ಕಿವಿ ಖುಷಿಯಾಗಿ ಮೈಯ ಮಾತು ಕೇಳುವುದಿಲ್ಲ. ಹದಿನೈದನೇ ನಿಮಿಷದಲ್ಲಿ ಕೈ ಏನು ಹೇಳುತ್ತದೆ ಎನ್ನುವುದನ್ನೇ ನಂಬುತ್ತೇನೆ. ಎರಡೂ ಸಮ ಅನ್ನಿಸಿದರೆ ಸ್ಟ್ರಾಟ್ ಮಾದರಿ ತೆಗೆದುಕೊಳ್ಳುತ್ತೇನೆ. ಕಾರ್ಯಕ್ರಮದ ಸಂಜೆ ಏನಾದರೂ ಕೆಟ್ಟರೆ ಅದನ್ನು ಸರಿಮಾಡುವವರು ಮೈಸೂರಿನಲ್ಲೇ ಸಿಗುತ್ತಾರೆ.

ನಿಮ್ಮ ಹಳೇ ಲೆಸ್ ಪಾಲ್ ಮಾದರಿಯನ್ನು ಮಾರಬೇಡಿ. ಕೂತು ನುಡಿಸುವಾಗ ಅದರ ಭಾರವನ್ನು ತೊಡೆ ಹೊರುತ್ತದೆ, ಮನೆಯಲ್ಲಿ ಅದು ನಿಮಗೇನೂ ಕೇಡು ಮಾಡಿಲ್ಲ. ಗೆಳೆಯರ ಎಸ್‌ಜಿಯನ್ನು ಮಾತ್ರ ಈ ವಾರವೇ ಹಿಂದಿರುಗಿಸಿ. ಮೇಲೆ ಬರೆದ ಸ್ಟ್ರಾಪ್ ಬಟನ್ ಉಪಾಯ ಓದಿ, ಅವರನ್ನು ಕೇಳದೆ ಡ್ರಿಲ್ ಹಾಕಿಸಿಬಿಟ್ಟೀರಿ ಮತ್ತೆ!